ಒಂದು ಸೀರೆಯ ಮಾತು

ಹೆಂಗಸರ ವಿಷಯ ಓದುವುದಕ್ಕೆ ಧಾರವಾಡಕ್ಕೆ ಹೋಗಬೇಕೇನು ಎಂದು ಸವಣೂರಿನ ಮಠದ ಓಣಿಯಲ್ಲಿ ನಗದವರೇ ಇರಲಿಲ್ಲ. ೧೯೭೯ರ ಮಾತು. ತಾಲೂಕು ಕಚೇರಿಯ ಗುಮಾಸ್ತ ರಾಘಣ್ಣನವರ ಮಗಳು ಸುಮನ್ ಶಿಗ್ಗಾಂವಿಯಲ್ಲಿ ಬಿ.ಎ. ಮುಗಿಸಿದ್ದಳು. ವಿಶ್ವವಿದ್ಯಾಲಯದ ಸಮಾಜಶಾಸ್ತ್ರದಲ್ಲಿ ಹೆಂಗಸರ ಬದುಕಿನ ಕುರಿತು ಹೊಸದಾಗಿ ಪಾಠ ಶುರುವಾಗಿದೆ, ತಾನು ಅದನ್ನೇ ಓದುತ್ತೇನೆ ಎಂದು ಹಟ ಹಿಡಿದು ಕೂತಿದ್ದಳು. ರಾಘಣ್ಣನವರಿಗೆ ಅದು ಪಾಠವೆಂದೇ ಅನ್ನಿಸಲಿಲ್ಲ.

"ಮನ್ಯಾಗ ಮೂರು ಮಂದಿ ಹೆಂಗಸರಿದ್ದೀರಿ. ಒಬ್ಬರನ್ನೊಬ್ಬರು ಕೇಳಿಕೋತ ಕೂತರ ಎಂ.ಎ. ಆಗ್ತದಲ್ಲ, ಬಸ್ಸಿನ ಖರ್ಚರ ಉಳೀತದ" ಎಂದರು.

ಆ ಮೂವರಲ್ಲಿ ತಾಯಿ ಗೋಪಿಕಾಬಾಯಿ ಗಂಡನ ಮಾತಿಗೆ ಎದುರಾಡಿದವಳಲ್ಲ. ಎದುರಾಡಿದ್ದು ರಾಘಣ್ಣನವರ ಅಕ್ಕ ತುಳಸಾಬಾಯಿ. ಹದಿನಾಲ್ಕನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಮಡಿಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತವರಿನ ಅಡಿಗೆಮನೆ ಸೇರಿದವಳು. ಅಲ್ಲಿಂದ ಹೊರಗೆ ಬಂದದ್ದು ಮಠಕ್ಕೆ ಮತ್ತು ಬಾವಿಗೆ ಮಾತ್ರ. ಆಕೆ ಬಾಗಿಲ ಹಿಂದೆ ನಿಂತೇ ಒಂದು ಮಾತು ಹೇಳಿದಳು.

"ಆಕಿ ಓದಲಿಕ್ಕೆ ಹೋಗದಿದ್ದರ ನಾಳಿಯಿಂದ ಅಡಿಗಿ ನೀನ ಮಾಡಿಕೋ, ರಾಘಣ್ಣಾ."

ನಲವತ್ತು ವರ್ಷ ಆ ಕೈಯ ಸಾರು ಉಂಡ ತಮ್ಮನಿಗೆ ಬೇರೆ ದಾರಿ ಇರಲಿಲ್ಲ. ಸುಮನ್ ಧಾರವಾಡಕ್ಕೆ ಹೋದಳು. ಟ್ರಂಕಿನಲ್ಲಿ ಅತ್ತೆ ಕೊಟ್ಟ ಮೆಂತ್ಯಹಿಟ್ಟಿನ ಡಬ್ಬಿ ಇತ್ತು.

ಅಲ್ಲಿ ಆಕೆ ಕೇಳಿದ ಮಾತುಗಳನ್ನು ಸವಣೂರಿನಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದೇ ಇಲ್ಲ. ಹೆಣ್ಣಿನ ಮೈ ಯಾರ ಸ್ವತ್ತು ಎಂದು ಒಬ್ಬ ಅಧ್ಯಾಪಕಿ ತರಗತಿಯಲ್ಲಿ ಕೇಳಿದಾಗ ಹುಡುಗರು ಡೆಸ್ಕನ್ನು ನೋಡುತ್ತಾ ಕೂತರು, ಹುಡುಗಿಯರು ಕಿಟಕಿ ನೋಡಿದರು. ಸುಮನ್‌ಗೆ ಮಾತ್ರ ತಿಂಗಳಿಗೊಮ್ಮೆ ಹಿತ್ತಲ ಬಾಗಿಲಿಗೆ ಬರುತ್ತಿದ್ದ ಕ್ಷೌರಿಕನ ನೆನಪಾಯಿತು. ಅವನು ಬಂದ ದಿನ ಮಕ್ಕಳನ್ನು ಅಂಗಳಕ್ಕೆ ಅಟ್ಟುತ್ತಿದ್ದರು. ಮುಗಿದ ಮೇಲೆ ಅತ್ತೆ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳುವ ಸಪ್ಪಳ ಕೇಳುತ್ತಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಸುಮನ್ ಹೊದಿಕೆ ಮುಖಕ್ಕೆಳೆದುಕೊಂಡು ಅತ್ತಳು. ಆ ಅಳು ಸುಳ್ಳಲ್ಲ. ಆದರೆ ಅತ್ತ ಮೇಲೆ, ಅತ್ತೆಯ ಬದುಕು ತನಗೆ ಪೂರಾ ಗೊತ್ತಾಯಿತೆಂದು ಆಕೆ ತಿಳಿದುಕೊಂಡಳಲ್ಲ, ಅಲ್ಲೇ ಎಡವಿದ್ದು. ರಜೆಗೆ ಊರಿಗೆ ಬಂದಾಗೆಲ್ಲ ದೊಡ್ಡ ದೊಡ್ಡ ಶಬ್ದಗಳನ್ನು ಹೊತ್ತು ತರುತ್ತಿದ್ದಳು. ಅತ್ತೆ ಬದನೆಕಾಯಿ ಹೆಚ್ಚುತ್ತಾ ಕೇಳುತ್ತಿದ್ದಳು. ಆಡುವವಳು ಸುಮನ್, ಕೇಳುವವಳು ಅತ್ತೆ ಎಂದು ಹೇಗೋ ನಿಕ್ಕಿಯಾಗಿಬಿಟ್ಟಿತ್ತು.

ಎಂ.ಎ. ಆದ ಮೇಲೆ ಎಂ.ಫಿಲ್. ಪ್ರಬಂಧಕ್ಕೆ ಹಿರೇಕೆರೂರು ತಾಲೂಕಿನ ಮಾಸೂರನ್ನು ಆರಿಸಿಕೊಂಡಳು. ಮದಗದ ಕೆರೆಯ ನೀರು ಹರಿಯುವ ಗದ್ದೆಗಳಲ್ಲಿ ದುಡಿಯುವ ಹೆಂಗಸರು, ಅವರ ಸಂಸಾರ, ಅವರ ಗಂಡಂದಿರು: ಇದು ವಿಷಯ. ಪ್ರಶ್ನಾವಳಿಯನ್ನು ತಾನೇ ಕನ್ನಡ ಮಾಡಿಕೊಂಡಳು. ನಲವತ್ತೊಂದು ಪ್ರಶ್ನೆ. ಹನ್ನೆರಡನೆಯದು, "ಈಗಿನ ಗಂಡನ ಜೊತೆ ಲಗ್ನವಾಗಿದೆಯೇ?"

೧೯೮೨ರ ಬೇಸಿಗೆಯಲ್ಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಆಕೆ ಮಾಸೂರಿನ ಓಣಿಗಳನ್ನು ತಿರುಗಿದಳು. ಕೆರೆಯ ಕಾಲುವೆಗೆ ಹತ್ತಿದ ಮನೆ ಹೊಳೆವ್ವನದು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಉಳಿವೆಪ್ಪ, ಕಬ್ಬಿನ ಗಾಣಕ್ಕೆ ಸಿಕ್ಕು ಎಡಗೈಯ ಎರಡು ಬೆರಳು ಹೋದವನು. ಮೊದಲ ಗಂಡನಿಗೆ ಹುಟ್ಟಿದ ಮಗಳು ಯಂಕವ್ವನೂ ಆ ಮನೆಯಲ್ಲೇ ಇದ್ದಳು. ಉಳಿವೆಪ್ಪ ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ಗದ್ದೆಗೆ ಹೋಗುತ್ತಿದ್ದ.

ಹೊಳೆವ್ವ ಚಾಪೆ ಹಾಸಿದಳು. ಹಿತ್ತಾಳೆ ತಂಬಿಗೆಯಲ್ಲಿ ನೀರು, ಅಂಗೈಯಗಲ ಬೆಲ್ಲ ತಂದಿಟ್ಟು ಹಿಂದೆ ಸರಿದು ನಿಂತಳು.

"ನಮ್ಮ ಮನಿ ನೀರು ನಿಮಗ ನಡೀತೈತ್ರಿ ಅಕ್ಕಾರ?"

ಸುಮನ್ ತಂಬಿಗೆ ಎತ್ತಿ ಗಟಗಟ ಕುಡಿದಳು. ಕುಡಿದು, ಏನೋ ದೊಡ್ಡ ಕೆಲಸ ಮಾಡಿದವರ ಹಾಗೆ ಒಳಗೊಳಗೇ ಹಿಗ್ಗಿದಳು. ಹೊಳೆವ್ವನ ಮುಖವೂ ಅರಳಿತು. ಆಮೇಲೆ ಒಂದೊಂದಾಗಿ ಪ್ರಶ್ನೆ ಬಂದವು, ಉತ್ತರ ಬಂದವು. ಹನ್ನೆರಡನೆಯದಕ್ಕೆ ಹೊಳೆವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

"ಇಲ್ಲರಿ. ಇವರ ಜೋಡಿ ಲಗ್ನ ಎಲ್ಲಿಂದ ಬರಬೇಕ್ರಿ? ಸೀರಿ ಉಡಿಸಿ ಕರಕೊಂಡು ಬಂದಾರ."

ಸುಮನ್ ಬರೆದುಕೊಂಡಳು: "ಲಗ್ನ ಇಲ್ಲ. ಸೀರಿ ಉಡಿಸಿ ಕರಕೊಂಡು ಬಂದಾರ ಎನ್ನುತ್ತಾಳೆ." ಮುಂದಿನ ಸಾಲು ಆಕೆಯದೇ: "ಒಂದು ಸೀರೆಗೆ ಬಂದವಳು. ಕೊರಳಲ್ಲಿ ತಾಳಿಯಿದೆ, ನಾಚಿಕೆ ಮುಚ್ಚಲು." ಸಿಟ್ಟಿನಿಂದ ಆ ಸಾಲಿನ ಕೆಳಗೆ ಗೆರೆ ಎಳೆದಳು. ಒಬ್ಬ ಹೆಂಗಸಿನ ಬೆಲೆ ಒಂದು ಸೀರೆಯೇ! ಆ ವಾರ ಇನ್ನೂ ಆರು ಮನೆಗಳಲ್ಲಿ ಅಂಥದೇ ಉತ್ತರ ಸಿಕ್ಕಿತು. ಏಳು ಹೆಂಗಸರು ಒಂದೇ ಮಾತನ್ನು ಒಂದೇ ಧಾಟಿಯಲ್ಲಿ ಹೇಳಿದರೆ ಅದೇನೆಂದು ಕೇಳಬೇಕೆಂದು ಆಕೆಗೆ ಹೊಳೆಯಲಿಲ್ಲ. ಅವರ ಕೇರಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿದ್ದ ಸಂಗತಿ ಅದು. ಸುಮನ್ ಹುಟ್ಟಿದ ಓಣಿಯಲ್ಲಿ ಗಂಡ ಸತ್ತವಳಿಗೆ ಮುಂದೊಂದು ದಾರಿ ಇರುವುದೇ ಸಾಧ್ಯವಿರಲಿಲ್ಲ, ಹಾಗಾಗಿ ಆ ದಾರಿಗೆ ಹೆಸರಿದ್ದೀತೆಂಬ ಗುಮಾನಿಯೂ ಬರಲಿಲ್ಲ.

ಮಾಸೂರಿನಿಂದ ತಿರುಗಿ ಹೋಗುವಾಗ ಎರಡು ದಿನ ಸವಣೂರಿನಲ್ಲಿ ಇಳಿದಳು. ತುಳಸಾಬಾಯಿ ಊಟಕ್ಕೆ ಬಡಿಸಿ, ದೂರ ಕೂತು, ಜೋಳಿಗೆಯ ಕಡೆ ಕೈ ತೋರಿಸಿದಳು.

"ಏನು ಬರಕೊಂಡು ಬಂದೀಯ, ನಾಲ್ಕು ಸಾಲು ಓದಿ ಹೇಳು."

"ನಿನಗ ತಿಳಿಯೂದಿಲ್ಲ ಅತ್ಯಾ. ಅದು ಬ್ಯಾರೆ ಜಗತ್ತು" ಎಂದಳು ಸುಮನ್.

"ಹೌದೇನು" ಎಂದು ಅತ್ತೆ ಎದ್ದು ಮಜ್ಜಿಗೆ ತಂದಳು.

ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಧಾರವಾಡದ ವಿಚಾರಸಂಕಿರಣದಲ್ಲಿ ಆಕೆ "ಒಂದು ಸೀರೆಗೆ ಬಂದವರು" ಎಂಬ ಭಾಗ ಓದಿದಾಗ ಹಿಂದಿನ ಸಾಲಿನವರೂ ಚಪ್ಪಾಳೆ ತಟ್ಟಿದರು. ಯಾರೋ ಕಣ್ಣೊರೆಸಿಕೊಂಡರಂತೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆ ಅದನ್ನು ಅದೇ ಹೆಸರಿನಿಂದ ಅಚ್ಚು ಹಾಕಿತು. ಹೆಸರುಗಳನ್ನು ಬದಲಿಸಬೇಕೆಂದು ಪಾಠದಲ್ಲಿ ಹೇಳಿಕೊಟ್ಟಿದ್ದರು, ಸುಮನ್ ಬದಲಿಸಿದ್ದಳು. ಹೊಳೆವ್ವ ಅಲ್ಲಿ ಗಂಗವ್ವನಾಗಿದ್ದಳು. ಆದರೆ ಕಾಲುವೆಯ ಪಕ್ಕದ ಮನೆಯನ್ನು, ಎಡಗೈಯ ಎರಡು ಬೆರಳಿಲ್ಲದ ಗಂಡನನ್ನು ಬದಲಿಸುವುದು ಹೊಳೆಯಲಿಲ್ಲ. ಓದುವವರ ಕಣ್ಣಿಗೆ ಕಟ್ಟಬೇಕಲ್ಲ. ೧೯೮೪ರಲ್ಲಿ ಶಿಗ್ಗಾಂವಿಯ ಕಾಲೇಜೊಂದರಲ್ಲಿ ಆಕೆಗೆ ಉಪನ್ಯಾಸಕಿಯ ನೌಕರಿ ಸಿಕ್ಕಿತು. ಅರ್ಜಿಯ ಜೊತೆ ಆ ಲೇಖನವನ್ನೂ ಲಗತ್ತಿಸಿದ್ದಳು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಕಾಲೇಜಿನ ಜವಾನ ಶಹಾಬುದ್ದೀನ ಸ್ಟಾಫ್ ರೂಮಿಗೆ ಬಂದ.

"ಮ್ಯಾಡಮ್ಮರ, ಹೊರಗ ಯಾರೋ ಹಳ್ಳಿ ಹೆಣ್ಣಮಗಳು ಕುಂತಾಳ್ರಿ. ಹತ್ತು ಗಂಟೆಯಿಂದ ಕುಂತಾಳ. ಪಾಠ ಮುಗೀಲಿ, ಕರೀಬ್ಯಾಡ್ರಿ ಅಂದ್ಲು."

ಬೇವಿನ ಮರದ ಕೆಳಗೆ ಹೊಳೆವ್ವ ಕೂತಿದ್ದಳು. ಹಣೆ ಬರಿದು, ಕೈ ಬರಿದು. ಸುಮನ್‌ಗೆ ತಟ್ಟನೆ ಗುರುತು ಹತ್ತಲಿಲ್ಲ. ಹೊಳೆವ್ವ ಸೊಂಟದ ಚೀಲದಿಂದ ಮಡಚಿ ಮಡಚಿ ಸವೆದ ಒಂದು ಕಾಗದ ತೆಗೆದು ಕೊಟ್ಟಳು. ಅದೇ ವಾರಪತ್ರಿಕೆಯ ಪುಟ.

"ನಮ್ಮವರು ಹ್ವಾದ್ರು ಅಕ್ಕಾರ. ವರ್ಷ ಆತು. ಮೈದುನ ಗುದ್ಲೆಪ್ಪ ಹೊಲ ಮನಿ ಬಿಡು ಅಂತಾನ. ನೀ ನಮ್ಮಣ್ಣನ ಹೇಣ್ತಿನ ಅಲ್ಲ, ಇಟಗೊಂಡಾಕಿ ಅಂತಾನ. ಕೋರ್ಟಿಗೆ ಹಾಕ್ಯಾನ. ಇದನ್ನ ಅಲ್ಲಿ ಕೊಟ್ಟಾನ. ಇದರಾಗ ನೀವ ಹಂಗ ಬರದೀರಂತ. ಹೌದೇನ್ರಿ?"

ಸುಮನ್ ಆಕೆಯ ಎದುರಿಗೆ ಮರದ ಬುಡಕ್ಕೆ ಕೂತಳು. "ನೀನ ಅಂದಿದ್ದಿಯಲ್ಲ ಹೊಳೆವ್ವಾ, ಲಗ್ನ ಆಗಿಲ್ಲ ಅಂತ..."

"ಲಗ್ನ ಹೆಂಗ ಆಗತೈತ್ರಿ? ಲಗ್ನ ನಂದು ಮೊದಲನೇ ಗಂಡನ ಜೋಡಿ ಆಗಿತ್ತು. ಅಂವ ಸತ್ತ ಮ್ಯಾಲೆ ಇವರ ಜೋಡಿ ಉಡಿಕಿ ಆತು. ಉಡಿಕಿಗೆ ಅಕ್ಕಿಕಾಳ ಹಾಕೂದಿಲ್ಲ, ಬಾಜಾಬಜಂತ್ರಿ ಇರೂದಿಲ್ಲ. ನಾಕು ಮಂದಿ ಹಿರೇರ ಮುಂದ ಗಂಡ ಸೀರಿ ಉಡಸ್ತಾನ, ಬಳಿ ಇಡಸ್ತಾರ, ತಾಳಿ ಕಟ್ತಾನ. ಅದನ್ನ ಲಗ್ನ ಅಂತ ಬಾಯಿ ತುಂಬ ಅನ್ನಬಾರದು, ಹಿರೇರು ಬೈತಾರ. ಅದಕ್ಕ ಇಲ್ಲ ಅಂದೆ. ಆದ್ರ ಹೇಣ್ತಿ ಹೇಣ್ತಿನ ಅಲ್ಲೇನ್ರಿ? ಇದು ನಿಮಗ ಗೊತ್ತಿರಲಿಲ್ಲೇನ್ರಿ?"

ಆ ಕೊನೆಯ ಪ್ರಶ್ನೆಯಲ್ಲಿ ಚುಚ್ಚುಮಾತು ಇರಲಿಲ್ಲ. ಹೊಳೆವ್ವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಅಷ್ಟು ಓದಿದವರಿಗೆ ಇಷ್ಟು ಗೊತ್ತಿಲ್ಲದೆ ಇರುತ್ತದೆಯೇ? ಸುಮನ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಾಳಿಯ ಕುರಿತು ತಾನು ಬರೆದ ಸಾಲು ಆ ಪುಟದಲ್ಲೇ ಇತ್ತು. ಹೊಳೆವ್ವನಿಗೆ ಓದಲು ಬರುವುದಿಲ್ಲವೆಂದು ಒಂದು ಗಳಿಗೆ ಸಮಾಧಾನವಾಯಿತು. ಅಂಥ ಸಮಾಧಾನಕ್ಕಾಗಿ ಮರುಗಳಿಗೆಯೇ ತನ್ನ ಮೇಲೆ ಹೇಸಿಕೆ ಬಂತು.

"ನೀವು ಕೋರ್ಟಿನ್ಯಾಗ ಬಂದು, ನಾ ಬರದದ್ದು ತಪ್ಪು ಅಂತ ಒಂದ ಮಾತು ಹೇಳ್ರಿ. ಕಲತವರ ಮಾತು ಸಾಹೇಬರು ನಂಬತಾರ" ಎಂದಳು ಹೊಳೆವ್ವ.

"ಹೇಳ್ತೀನಿ" ಎಂದಳು ಸುಮನ್.

ಹೇಳಬೇಡವೆಂದವರೂ ಇದ್ದರು. ಪ್ರಬಂಧವೇ ತಪ್ಪೆಂದು ನೀವೇ ಒಪ್ಪಿಕೊಂಡರೆ ಪದವಿಯ ಗತಿಯೇನು, ನೌಕರಿಯ ಗತಿಯೇನು ಎಂದು ಕಾಲೇಜಿನ ಹಿರಿಯರೊಬ್ಬರು ಕರೆದು ಬುದ್ಧಿ ಹೇಳಿದರು. ಸುಮನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಅಪ್ಪ ನಗುತ್ತಾರೆ ಎಂಬುದೊಂದು, ಅತ್ತೆಗೆ ಹೇಗೆ ಮುಖ ತೋರಿಸುವುದು ಎಂಬುದು ಇನ್ನೊಂದು. ತನ್ನ ಓದಿಗಾಗಿ ಒಲೆ ಆರಿಸುತ್ತೇನೆಂದು ಹೆದರಿಸಿದವಳು ಆಕೆ.

ಸಾಕ್ಷಿಗೆ ಕರೆದದ್ದು ಗುದ್ಲೆಪ್ಪನ ವಕೀಲರೇ. ತಾಲೂಕಿನ ಕೋರ್ಟಿನಲ್ಲಿ ಆ ದಿನ ಮಾಸೂರಿನ ಅರ್ಧ ಊರೇ ನೆರೆದಿತ್ತು. ಗೋಡೆಗೆ ಆತು ಹೊಳೆವ್ವ, ಆಕೆಯ ಪಕ್ಕದಲ್ಲಿ ಯಂಕವ್ವ. ಸುಮನ್ ಕಟಕಟೆ ಹತ್ತಿ, ಕೇಳುವ ಮೊದಲೇ, ತಾನು ಬರೆದದ್ದು ತಪ್ಪು, ಅವರದು ಉಡಿಕಿಯಾಗಿತ್ತು, ಅದು ತನಗೆ ತಿಳಿದಿರಲಿಲ್ಲ ಎಂದಳು. ಹೊಳೆವ್ವ ಕೈ ಮುಗಿದದ್ದು ಕಾಣಿಸಿತು.

ವಕೀಲರು ಗಡಿಬಿಡಿ ಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಮೆಲ್ಲಗೆ ಕೇಳಿದರು.

"ಛಲೋ ಆತ್ರಿ. ನೀವು ಅವತ್ತು ಈಕಿಗೆ, ಈ ಗಂಡನ ಜೋಡಿ ಲಗ್ನ ಆಗೈತೇನು ಅಂತ ಕೇಳಿದ್ದು ಖರೇ ಅಲ್ಲರಿ?"

"ಖರೇ, ಆದರ..."

"ಆಕಿ ಇಲ್ಲ ಅಂದದ್ದು ಖರೇ?"

"ಆಕಿ ಹಂಗಂದದ್ದು ಯಾಕಂದರ..."

"ಕೇಳಿದ್ದಕ್ಕಷ್ಟ ಹೇಳ್ರಿ ಮೇಡಂ. ಇಲ್ಲ ಅಂದಳೋ, ಹೌದು ಅಂದಳೋ?"

"ಇಲ್ಲ ಅಂದಳು."

"ಉಡಿಕಿ ಅನ್ನೂ ಮಾತು ಅವತ್ತು ನಿಮಗ ಗೊತ್ತಿತ್ತೇನು?"

"ಇಲ್ಲ."

"ಎಷ್ಟು ವರ್ಷ ಹೆಂಗಸರ ವಿಷಯ ಓದೀರಿ?"

"ನಾಲ್ಕು."

ಹಿಂದೆ ಯಾರೋ ಕಿಸಕ್ಕೆಂದರು. ವಕೀಲರು ನಗಲಿಲ್ಲ.

"ಆಮ್ಯಾಲೆ ಆ ಮಾತು ನಿಮಗ ಯಾರಿಂದ ತಿಳೀತು?"

ಸುಮನ್ ಹೊಳೆವ್ವನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಯಾವುದೋ ಪುಸ್ತಕದಲ್ಲಿ ಓದಿದೆ, ಊರ ಹಿರಿಯರು ಹೇಳಿದರು ಎನ್ನಬಹುದಿತ್ತು.

"ಹೊಳೆವ್ವನಿಂದ" ಎಂದಳು.

"ದಾವೆ ಶುರು ಆದ ಮ್ಯಾಲೆ?"

"ಹೌದು."

"ಮುಗೀತ್ರಿ" ಎಂದು ವಕೀಲರು ಕೂತರು. ಹೊಳೆವ್ವನ ಕಡೆಯ ವಕೀಲರು ಎದ್ದು ಏನೋ ಕೇಳಿದರು, ಸುಮನ್ ಏನೋ ಹೇಳಿದಳು. ಯಾರೂ ಕಿವಿಗೊಡಲಿಲ್ಲ. ಉಡಿಕಿಯ ದಿನ ಎದುರು ಕೂತಿದ್ದ ಹಿರಿಯರಲ್ಲಿ ಇಬ್ಬರು ತೀರಿಹೋಗಿದ್ದರು, ಉಳಿದಿಬ್ಬರು ಗುದ್ಲೆಪ್ಪನ ಕಡೆಗೆ ನಿಂತು ನಮಗೆ ನೆನಪಿಲ್ಲ ಎಂದಿದ್ದರು. ಕೆಲವು ತಿಂಗಳ ಮೇಲೆ ತೀರ್ಪು ಬಂತು. ಉಡಿಕಿ ಎಂಬ ರೂಢಿ ಇರಬಹುದು, ಇವರ ನಡುವೆ ಅದು ನಡೆಯಿತೆಂಬುದಕ್ಕೆ ಪುರಾವೆ ಇಲ್ಲ. ದಾವೆಗಿಂತ ವರ್ಷಗಳ ಹಿಂದೆಯೇ ಹೆಂಗಸು ತನಗೆ ಲಗ್ನವಾಗಿಲ್ಲವೆಂದು ತಾನಾಗಿ ಹೇಳಿದ್ದನ್ನು ವಿದ್ಯಾವಂತ ಸಾಕ್ಷಿಯೊಬ್ಬರು ಒಪ್ಪಿದ್ದಾರೆ.

ಕೋರ್ಟಿನ ಅಂಗಳದಲ್ಲಿ ಸುಮನ್ ಹೊಳೆವ್ವನನ್ನು ಮಾತನಾಡಿಸಲು ಹೋದಳು. ಮೇಲಿನ ಕೋರ್ಟಿಗೆ ಹೋಗೋಣ, ನಾನು ಇರುತ್ತೇನೆ ಎಂದಳು. ಹೊಳೆವ್ವ ತಲೆಯಲ್ಲಾಡಿಸಿದಳು. ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ಅಣ್ಣನಿದ್ದಾನೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಅವತ್ತ ನೀವು ನಮ್ಮ ಮನ್ಯಾಗ ನೀರು ಕುಡದ್ರಿ ನೋಡ್ರಿ. ನಾ ಅದನ್ನ ಓಣಿ ತುಂಬ ಹೇಳಿಕೋತ ತಿರಿಗಿದ್ದೆ."

ಅಷ್ಟೇ. ಬೈದಿದ್ದರೆ ಸುಮನ್ ಅದನ್ನಾದರೂ ಹಿಡಿದುಕೊಂಡು ಬದುಕುತ್ತಿದ್ದಳು. ಹೊಳೆವ್ವ ಮಗಳ ಕೈ ಹಿಡಿದುಕೊಂಡು ಹಾನಗಲ್ಲ ಬಸ್ಸು ಹತ್ತಿದಳು. ಆಮೇಲೆ ಸುಮನ್ ಆಡೂರಿಗೆ ಒಮ್ಮೆ ಹೋಗಿಬಂದಳೆನ್ನುತ್ತಾರೆ, ಹೊಳೆವ್ವ ಮನೆಯಲ್ಲಿದ್ದೂ ಹೊರಗೆ ಬರಲಿಲ್ಲವಂತೆ.

ಮರುವಾರ ಸುಮನ್ ಸವಣೂರಿಗೆ ಬಂದಳು. ಅಪ್ಪ ಕಚೇರಿಗೆ ಹೋಗಿದ್ದರು, ಗೋಪಿಕಾಬಾಯಿ ಮಠಕ್ಕೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲು ಹಿತ್ತಲಲ್ಲಿ ಬಿದ್ದಿತ್ತು. ತುಳಸಾಬಾಯಿಗೆ ಆಗಲೇ ಕಣ್ಣಿಗೆ ಪೊರೆ ಬಂದು, ಕಾಣುವುದು ಮಬ್ಬಾಗಿತ್ತು. ಬಾಗಿಲ ಹೊಸ್ತಿಲ ಮೇಲೆ ಕೂತು ಕೈಯಿಂದ ತಡವಿ ತಡವಿ ಅಕ್ಕಿ ಆರಿಸುತ್ತಿದ್ದಳು. ಸುಮನ್ ಜೋಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.

"ಏನಾಗ್ಯದ?" ಎಂದಳು ಅತ್ತೆ.

"ಏನಿಲ್ಲ."

"ಜ್ವರ ಬಂದಾಗೂ ಹಿಂಗ ಅಂತಿದ್ದಿ ನೀನು. ಹೋಗಲಿ ಬಿಡು. ಆ ಜೋಳಿಗಿ ತಂದೀಯೇನು? ಐದು ವರ್ಷದ ಹಿಂದ ಓದು ಅಂದಾಗ ಓದಲಿಲ್ಲ. ಈಗರ ಓದು. ನನಗೂ ಕಣ್ಣು ಕಾಣೂದಿಲ್ಲ, ಹೊತ್ತು ಹೋಗೂದಿಲ್ಲ."

ಸುಮನ್ ನೋಟ್‌ಬುಕ್ಕು ತೆಗೆದಳು. ಯಾಕೆ ತೆಗೆದಳೋ ಆಕೆಗೇ ತಿಳಿಯಲಿಲ್ಲ. ಬಹುಶಃ ಯಾರ ಎದುರಾದರೂ ಆ ಪುಟವನ್ನು ಬಾಯಿಬಿಟ್ಟು ಓದಿ, ಛೀಮಾರಿ ಹಾಕಿಸಿಕೊಳ್ಳಬೇಕಾಗಿತ್ತು. ಕಾಲುವೆ ಪಕ್ಕದ ಮನೆ, ಹೆಸರು, ವಯಸ್ಸು, ಮೊದಲ ಗಂಡ ತೀರಿದ ವರ್ಷ, ಒಂದೊಂದೇ ಓದಿದಳು. ಹನ್ನೆರಡಕ್ಕೆ ಬಂದಳು.

"ಲಗ್ನ ಇಲ್ಲ. ಸೀರಿ ಉಡಿಸಿ ಕರಕೊಂಡು ಬಂದಾರ..."

"ಹಾಂ, ಉಡಿಕಿ ಆಗ್ಯಾಳ" ಎಂದಳು ತುಳಸಾಬಾಯಿ, ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಪಕ್ಕಕ್ಕೆ ಎಸೆಯುತ್ತಾ.

ಸುಮನ್‌ಗೆ ಕೇಳಿದ್ದು ನಿಜವೇ ಎಂದು ತಿಳಿಯಲಿಲ್ಲ. "ನಿನಗ ಹೆಂಗ ಗೊತ್ತು ಅತ್ಯಾ?"

"ಗೊತ್ತಿಲ್ಲದ ಏನು? ನಮಗ ಹಾಲು ಹಾಕ್ತಿದ್ದ ವೀರವ್ವನ ಮಗಳು ನನ್ನ ಓರಗಿಯಾಕಿ. ನಾ ಹಿಂಗಾದ ವರ್ಷನ ಆಕಿನೂ ಗಂಡನ್ನ ಕಳಕೊಂಡಳು. ಮರುವರ್ಷ ಆಕಿಗೆ ಉಡಿಕಿ ಆತು. ಇದ ಹಿತ್ತಲ ಕಿಟಕಿಯಿಂದ ನೋಡೀನಿ ನಾ. ಹಸಿರು ಸೀರಿ. ಬಳಿ ಇಡಿಸಿಕೊಳ್ಳುವಾಗ ಆಕಿ ನಗಲಿಕ್ಕತ್ತಿದ್ದಳು." ತುಳಸಾಬಾಯಿಯ ಕೈ ಮೊರದ ಮೇಲೆ ನಿಂತಿತು. "ಆ ದಿನ ನಾ ಉಣ್ಣಲಿಲ್ಲ. ಮನ್ಯಾಗ ಎಲ್ಲಾರೂ, ಏನೋ ವ್ರತ ಹಿಡದಾಳ, ಭಾಳ ನಿಷ್ಠಿ ಹುಡುಗಿ ಅಂತ ಹೊಗಳಿದ್ರು. ಐವತ್ತು ವರ್ಷ ಆತು. ಉಡಿಕಿ ಅನ್ನೂ ಮಾತು ಮನಸಿನ್ಯಾಗ ಅಂದುಕೊಳ್ಳದ ಒಂದು ದಿನ ಕಳದಿಲ್ಲ ನಾ."

ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಮೊರದ ಸಪ್ಪಳ ಮತ್ತೆ ಶುರುವಾಯಿತು.

"ಸುಮ್ಮನ್ಯಾಕ ಕೂತಿ? ಛಂದ ಓದ್ಲಿಕ್ಕತ್ತಿದ್ದಿ. ಆಕಿ ಉಡಿಸಿ ತಂದಾರ ಅಂದಳು. ನೀ ಮುಂದ ಏನು ಬರದಿ, ಓದು."

ಮುಂದಿನ ಸಾಲು ಸುಮನ್‌ಳ ಕಣ್ಣೆದುರೇ ಇತ್ತು, ಆಕೆಯದೇ ದುಂಡು ಅಕ್ಷರದಲ್ಲಿ. ಅತ್ತೆ ತಲೆ ಬಾಗಿಸಿ, ಕಿವಿಗೊಟ್ಟು, ಕಾಯುತ್ತಾ ಕೂತಿದ್ದಳು.